ಹಲ್ಲಪ್ಪಾ, ಇನ್ನೊಂದು ವರ್ಷ ತಡಿ

ಬೆಳಗಾವಿಯ ಯಾವ ಸರ್ಕಲ್ಲಿನಲ್ಲಿ ನಿಂತು ತಲೆ ಎತ್ತಿದರೂ ಒಂದು ಆರೋಗ್ಯ ವಿಮೆಯ ಫಲಕ. ಅಪ್ಪ, ಅವ್ವ, ಎರಡು ಮಕ್ಕಳು, ಪಕ್ಕದಲ್ಲೊಬ್ಬ ಅಜ್ಜ. ಐವರೂ ಹಲ್ಲು ಕಿಸಿದಿದ್ದಾರೆ. ಅಜ್ಜನದಂತೂ ಮೂವತ್ತೆರಡೂ ಪೂರ್ತಿ, ಎಳೆ ಗೋವಿನಜೋಳದ ತೆನೆ ಇದ್ದಂಗ. ಆ ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಹಲ್ಲು, ಪಾಲಿಸಿಯಿಂದ ಎಲ್ಲಕ್ಕಿಂತ ಮೊದಲು ಹೊರಬೀಳುವುದೂ ಹಲ್ಲೇ.

ಮಾಮೂಲಿ ಆರೋಗ್ಯ ಪಾಲಿಸಿಯ ಒಳಪುಟ ತೆಗೆದು ನೋಡಿ. ಅಪಘಾತದಲ್ಲಿ ಪೆಟ್ಟಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಲ್ಲಿನ ಚಿಕಿತ್ಸೆಗೆ ದುಡ್ಡು. ಹುಳುಕಿಗೆ ಇಲ್ಲ, ವಸಡಿಗೆ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಮುಧೋಳ-ಜಮಖಂಡಿ ದಾರಿಯಲ್ಲಿ ರಾತ್ರಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರಿಗೆ ಹೋಗಿ ಗುದ್ದಿದರೆ ಉಂಟು. ನಮ್ಮ ಭಾಗದವರಿಗೆ ಈ ಸೌಲಭ್ಯ ದುರ್ಲಭವೇನಲ್ಲ, ಬಿಡಿ.

ಇದು ಬೇಡ ಅನ್ನುವವರಿಗೆ ಹಲ್ಲಿನ ಚಿಕಿತ್ಸೆ ಸೇರಿದ ಬೇರೆ ಜೋಡಣೆ ಇದೆ, ಹೆಚ್ಚಿನ ಪ್ರೀಮಿಯಂ ಕಟ್ಟಬೇಕು. ಕಟ್ಟಿ ಬಂದ ಮೇಲೆ ನಡೆಯುವ ಸಂಭಾಷಣೆ ಊರೂರಲ್ಲೂ ಒಂದೇ.

‘ಹಲ್ಲಿಂದೂ ಐತಿ ಅಂದಿದ್ರೆಲ್ಲರೀ?’

‘ಐತಿ ಕಾಕಾ, ಐತಿ. ಇನ್ನೂ ಚಾಲೂ ಆಗಿಲ್ಲ ಅಷ್ಟ.’

ಇದಕ್ಕೆ ವೇಟಿಂಗ್ ಪಿರಿಯಡ್ ಎಂದು ಹೆಸರು. ಪಾಲಿಸಿ ಶುರುವಾದ ದಿನದಿಂದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಾಮಾನ್ಯವಾಗಿ ಕ್ಲೇಮ್ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಂಪನಿ ಗರಿಷ್ಠ 36 ತಿಂಗಳು ಕಾಯಿಸಬಹುದು. 2024ಕ್ಕೆ ಮುಂಚೆ ಇದು 48 ಇತ್ತು, ಹಾಗಾಗಿ ನಾವು ಋಣಿಗಳು. ಹಲ್ಲಿಗೆ ಎಷ್ಟು ಅನ್ನುವುದು ಕಂಪನಿಗೊಂದು ಲೆಕ್ಕ. ಹಲ್ಲಿಗೇ ಬೇರೆ ವಿಮೆ ಬೆಳೆದಿರುವ ಅಮೆರಿಕದಲ್ಲಿ ಇದಕ್ಕೊಂದು ಏಣಿಯೇ ಇದೆ: ತಪಾಸಣೆ, ಸ್ವಚ್ಛತೆ ತಕ್ಷಣ; ಹುಳುಕು ತುಂಬಿಸಲು ಸಾಮಾನ್ಯವಾಗಿ ಆರು ತಿಂಗಳು; ಕ್ಯಾಪು, ಬಿದ್ದ ಹಲ್ಲಿನ ಜಾಗ ತುಂಬುವ ಬ್ರಿಜ್ಜಿಗೆ ಒಂದು ವರ್ಷ.

ಈ ಒಂದು ವರ್ಷ ಹಲ್ಲು ಸುಮ್ಮನೆ ಕೂತಿರುವುದಿಲ್ಲ. ಹುಳುಕು ಮೇಲಿನ ಎನಾಮಲ್‌ನಲ್ಲಿರುವಾಗ ನೋವೇ ಇಲ್ಲ, ಯಾಕೆಂದರೆ ಅಲ್ಲಿ ನರ ಇಲ್ಲ. ಕೆಳಗಿನ ಪದರಕ್ಕೆ ಇಳಿದಾಗ ತಣ್ಣೀರು ಜುಮ್ ಅನ್ನುತ್ತದೆ. ಈ ಹಂತದಲ್ಲಿ ಕೊರೆದು ಸಿಮೆಂಟು ತುಂಬಿಸಿದರೆ ಮುಗಿಯಿತು. ತಡೆದರೆ ಒಳಗಿನ ತಿರುಳಿಗೆ ಇಳಿಯುತ್ತದೆ, ರಾತ್ರಿ ಮಲಗಿದಾಗಲೇ ಬ್ಯಾನಿ ಎದ್ದು ಕೂರುತ್ತದೆ, ಆಮೇಲೆ ಕೀವು. ಸರಕಾರಿ ನೌಕರನಿಗೆ ಸೇವಾವಧಿಯ ಮೇಲೆ ಬಡ್ತಿ ಸಿಕ್ಕಂತೆ ಫಿಲ್ಲಿಂಗ್ ಆಗಬೇಕಿದ್ದದ್ದು ರೂಟ್ ಕೆನಾಲ್ ದರ್ಜೆಗೆ ಏರಿರುತ್ತದೆ. ಆಗ ಅರ್ಹತೆ ಬರುತ್ತದೆ. ಅದಕ್ಕೂ ವರ್ಷಕ್ಕಿಷ್ಟೇ ಎಂಬ ಮಿತಿ.

ಕೈಯಿಂದ ಹಾಕಿ ರೂಟ್ ಕೆನಾಲ್ ಮಾಡಿಸಿ, ಕ್ಯಾಪಿಗೆ ಪಾಲಿಸಿ ಬರಲಿ ಎಂದು ಕಾಯುವ ಜಾಣರೂ ಇದ್ದಾರೆ. ಆ ಹಲ್ಲು ವಿಜಯಪುರದ ಬಾರಾಕಮಾನ್ ಇದ್ದಂತೆ: ಕಮಾನು ನಿಂತಿವೆ, ಮೇಲೆ ಗುಮ್ಮಟ ಇಲ್ಲ. ಬಾರಾಕಮಾನ್ ಕರಿಗಲ್ಲಿನದು, ಶತಮಾನಗಳಿಂದ ನಿಂತಿದೆ. ತಿರುಳು ತೆಗೆದ ದವಡೆ ಹಲ್ಲಿಗೆ ಕ್ಯಾಪಿಲ್ಲದಿದ್ದರೆ ಒಂದು ತುಂಡು ಕರದಂಟು ಸಾಕು, ಉದ್ದಕ್ಕೆ ಸೀಳುತ್ತದೆ. ಗೋಕಾಕಿನದೋ ಅಮೀನಗಡದ್ದೋ ಎಂಬ ಜಗಳ ಬೇಡ. ಬೆಲ್ಲ, ಅಂಟು, ಒಣಕೊಬ್ಬರಿ, ಬಾದಾಮಿ ಎರಡರಲ್ಲೂ ಇವೆ. ಸೀಳಿದ ಹಲ್ಲು ಕೀಳಬೇಕಷ್ಟೆ. ಪಾಲಿಸಿಗೆ ಮುಂಚೆಯೇ ಬಿದ್ದುಹೋದ ಹಲ್ಲಿನ ಜಾಗಕ್ಕೆ ಹೊಸದನ್ನು ಕೂರಿಸಲು ಕೊಡುವುದಿಲ್ಲ ಎಂಬ ಷರತ್ತೂ ಕೆಲವು ಯೋಜನೆಗಳಲ್ಲಿದೆ. ಬೆಳಗಾವಿಯವರಿಗೆ ಕುಂದಾ ಇದೆ, ಹಲ್ಲಿಲ್ಲದಿದ್ದರೂ ನಡೆಯುತ್ತದೆ.

ಕಂಪನಿಯ ವಾದವೂ ಸುಳ್ಳಲ್ಲ. ಗಲ್ಲ ಊದಿದ ದಿನ ಪಾಲಿಸಿ ಕೊಂಡು, ರೂಟ್ ಕೆನಾಲ್ ಮಾಡಿಸಿ, ಮರುವರ್ಷ ಬಿಟ್ಟುಹೋಗುವವರಿದ್ದರೆ ಉಳಿದವರ ಪ್ರೀಮಿಯಂ ಏರುತ್ತದೆ. ಕಾಯಿಸಲಿ. ಆದರೆ ಕಾಯಿಸುತ್ತೇವೆ ಅನ್ನುವುದನ್ನು ಅಜ್ಜನ ಹಲ್ಲಿನಷ್ಟೇ ದೊಡ್ಡದಾಗಿ ಬರೆಯಲು ಏನು ಧಾಡಿ? ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರದಲ್ಲಿ, ನಲವತ್ತನೇ ಪುಟದಲ್ಲಿ, ಹತ್ತನೇ ಇಯತ್ತೆ ಓದಿದ ರೈತನಿಗೆ ಅರ್ಥವಾಗಲಿ ಎಂದು ಬರೆದದ್ದಲ್ಲ ಅದು. ಅರ್ಥವಾಗಬಾರದು ಎಂದೇ ಬರೆದದ್ದು. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಕೊಳ್ಳುವವರು ಏಜೆಂಟರ ಬಾಯಿಮಾತು ಬಿಟ್ಟು ಒಂದೊಂದು ಚಿಕಿತ್ಸೆಯ ಹೆಸರು ಹೇಳಿ, ಯಾವ ತಾರೀಖಿನಿಂದ ಎಂದು ಬರಹದಲ್ಲಿ ಕೇಳಬೇಕು. ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವಾದರೆ ವಾಪಸ್ ಮಾಡಬಹುದು, ಸಣ್ಣಪುಟ್ಟ ಕಡಿತ ಹೋಗಿ ಹಣ ಬರುತ್ತದೆ. ವರ್ಷದ ಕಂತು ತಪ್ಪಿದರೆ 30 ದಿನದ ವಿನಾಯಿತಿ. ಅದೂ ದಾಟಿ ಪಾಲಿಸಿ ಸತ್ತರೆ ಹೊಸದು ಕೊಳ್ಳಬೇಕು, ಕಾದ ತಿಂಗಳೆಲ್ಲ ನೀರಪಾಲು. ಕಂಪನಿ ಬದಲಿಸಬೇಕೆನಿಸಿದರೆ ಇದ್ದದ್ದನ್ನು ಬಿಟ್ಟು ಹೊಸದು ಕೊಳ್ಳಬೇಡಿ, ಪೋರ್ಟ್ ಮಾಡಿಸಿ, ಅಂದರೆ ಇದ್ದ ಪಾಲಿಸಿಯನ್ನೇ ಹೊಸ ಕಂಪನಿಗೆ ವರ್ಗ ಮಾಡಿಸಿ. ಕಾದ ಅವಧಿ ಜೊತೆಗೆ ಬರುತ್ತದೆ. ವಿಮಾ ಮೊತ್ತ ಏರಿಸಿದರೆ ಏರಿಸಿದಷ್ಟಕ್ಕೆ ಮತ್ತೆ ಮೊದಲಿಂದ ಕಾಯಬೇಕು.

ಇಲ್ಲವೇ ಹಲ್ಲಿನ ಕಾಲೇಜಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಊರಲ್ಲಿವೆ. ಅಲ್ಲೂ ಕಾಯುತ್ತೀರಿ, ನಿಜ. ಆದರೆ ಬೆಂಚಿನ ಮೇಲೆ, ಚೀಟಿ ಹಿಡಿದು, ಮಧ್ಯಾಹ್ನದವರೆಗೆ.

‘ಮತ್ತ ಅಲ್ಲೀತನಕಾ ನಾ ಏನ್ ಮಾಡ್ಲಿ?’

‘ಬಲಗಡೆ ಅಗೀರಿ ಕಾಕಾ. ರಿನೀವಲ್ ಮಾತ್ರ ತಪ್ಪಸಬ್ಯಾಡ್ರಿ.’