‘ಸೋಲೋ ಆಯ್ತಾ?’ ಅಂತ ಕೇಳುವ ಮೊದಲು

ನಾನಿರುವುದು ಅಮೆರಿಕದ ಓಕ್ಲಹೋಮಾದ ಈನಿಡ್ ಅನ್ನೋ ಸಣ್ಣ ಊರಲ್ಲಿ. ಪಕ್ಕದಲ್ಲೇ ವ್ಯಾನ್ಸ್ ವಾಯುನೆಲೆ. ಬೆಳಗಾದರೆ ಟಿ-6 ತರಬೇತಿ ವಿಮಾನಗಳ ಸದ್ದು. ನಮ್ಮ ಮನೆಯ ಹಿಂಬದಿಯ ಮನೆಗೆ ಬಾಡಿಗೆಗೆ ಬರುವವರು ಹೆಚ್ಚಾಗಿ ಅಲ್ಲಿ ಹಾರಾಟ ಕಲಿಯುವ ಹುಡುಗರೇ. ಒಂದು ಸಂಜೆ ಅವರಲ್ಲೊಬ್ಬ ಬೇಲಿ ಆಚೆಯಿಂದ, “ಇವತ್ತು ಹುಕ್ ಆಯ್ತು” ಅಂದ. ಹುಕ್ ಅಂದರೆ ಆ ದಿನದ ಹಾರಾಟದಲ್ಲಿ ಫೇಲ್. ಮುಚ್ಚುಮರೆಯೇ ಇಲ್ಲ.

ನನಗೆ ಅಕ್ಕನ ಮಗ ನೆನಪಾದ.

ಅವನು ನಮ್ಮ ವಾಯುಪಡೆಗೆ ಸೇರಿದಾಗ ಇಡೀ ಬಳಗಕ್ಕೆ ಹಬ್ಬ. ಆದರೆ ವಿಮಾನ ತಲೆಕೆಳಗಾದಾಗಲೆಲ್ಲ ಅವನಿಗೆ ಹೊಟ್ಟೆ ತೊಳೆಸುತ್ತಿತ್ತು. ಹೇಳಲಿಲ್ಲ. ಖಾಲಿ ಹೊಟ್ಟೆಯಲ್ಲಿ ಹಾರಿದ, ಇನ್ನೂ ಸುಸ್ತಾದ. ಮನೆಯಿಂದ ದಿನಾ ಫೋನು: “ಸೋಲೋ ಆಯ್ತಾ?” ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬನೇ ಹಾರಿದೆಯಾ ಅಂತ. ನಾನೂ ಕೇಳಿದ್ದೇನೆ. ವಿಷಯ ಹೊರಬರುವ ಹೊತ್ತಿಗೆ ಬಹಳ ಹಿಂದೆ ಬಿದ್ದಿದ್ದ. ಹಾರಾಟದಿಂದ ತೆಗೆದರು. ಈ ತೊಂದರೆಗೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೇ ಚಿಕಿತ್ಸೆ ಇದೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ, ದಿನದಿನಕ್ಕೆ ಜಾಸ್ತಿ ಮಾಡುತ್ತಾ ಮೈಗೆ ರೂಢಿ ಮಾಡಿಸುತ್ತಾರೆ. 1957ರಿಂದ ಇರುವ ಸಂಸ್ಥೆ. ಅಕ್ಕನ ಮನೆಯೂ ಅದೇ ಊರಲ್ಲಿ.

ಇಲ್ಲಿ ವ್ಯಾನ್ಸ್‌ನಲ್ಲಿ ಮತ್ತೆ ಮತ್ತೆ ತಪ್ಪುವ ಹುಡುಗನನ್ನು ‘ಕ್ಯಾಪ್’ಗೆ ಹಾಕುತ್ತಾರೆ, ಕಮಾಂಡರ್ಸ್ ಅವೇರ್‌ನೆಸ್ ಪ್ರೋಗ್ರಾಮ್. ಮೇಲಿನವರೇ ಕೂತು ಅವನಿಗೆ ಯಾವುದು ಕಷ್ಟ, ಯಾವ ಇನ್‌ಸ್ಟ್ರಕ್ಟರ್ ಜೊತೆ ಕಳಿಸಬೇಕು, ಸಿಮ್ಯುಲೇಟರ್ ಬೇಕಾ ಅಂತ ನೋಡುತ್ತಾರೆ. ಆಮೇಲೂ ಆಗದಿದ್ದರೆ ಹುಡುಗರ ಬಾಯಲ್ಲಿ ‘88’ ಅನ್ನೋ ಪರೀಕ್ಷಾ ಹಾರಾಟ. ಅದೂ ತಪ್ಪಿದರೆ ‘89’. ಅದರಲ್ಲೂ ಆಗದಿದ್ದರೆ ಕಮಾಂಡರ್ ಪೂರ್ತಿ ದಾಖಲೆ ನೋಡಿ ನಿರ್ಧರಿಸುತ್ತಾರೆ. ಎಲ್ಲರೂ ಉಳಿಯಲ್ಲ. ಉಳಿಯಬಾರದು ಕೂಡ, ಯಾಕಂದ್ರೆ ಆಗದವನನ್ನು ಸುಮ್ನೆ ಮುಂದೆ ತಳ್ಳಿದರೆ ಅವನ ಜೀವಕ್ಕೂ ಪಕ್ಕದವನ ಜೀವಕ್ಕೂ ಅಪಾಯ. ಆದರೆ ತಾನು ಎಲ್ಲಿದ್ದೇನೆ ಅನ್ನೋದು ಹುಡುಗನಿಗೆ ಗೊತ್ತಿರುತ್ತೆ.

ಕಷ್ಟ ಯಾವುದು ಅಂತ ಹಿಡಿಯುವುದೇ ದೊಡ್ಡ ಕೆಲಸ. ‘ಲ್ಯಾಂಡಿಂಗ್ ಸರಿ ಇಲ್ಲ’ ಅಂತ ಬರೆದರೆ ಏನೂ ಹೇಳಿದಂತಾಗಲ್ಲ. ಒಬ್ಬ ರನ್‌ವೇಯ ದೂರದ ತುದಿ ನೋಡುವ ಬದಲು ಮೂಗಿನ ಮುಂದಿನ ನೆಲ ನೋಡುತ್ತಿರಬಹುದು. ಇನ್ನೊಬ್ಬನಿಗೆ ನಿದ್ದೆ ಇರಲಿಕ್ಕಿಲ್ಲ. ಮತ್ತೊಬ್ಬನ ತಲೆ ತುಂಬಿಹೋಗಿರುತ್ತದೆ. ಹಾಗಾದಾಗ ಮೊದಲು ಮುಚ್ಚುವುದು ಕಿವಿ. ಟವರ್‌ನವರು ಕರೆಯುತ್ತಿರುತ್ತಾರೆ, ಇವನಿಗೆ ಕೇಳಿಸಲ್ಲ. ಅವನಿಗೆ ಇನ್ನೆರಡು ಹಾರಾಟ ಕೊಟ್ಟರೆ ಪ್ರಯೋಜನ ಕಡಿಮೆ. ಕೆಲಸದ ಕ್ರಮ ಬಾಯಿಗೆ, ಕೈಗೆ ಕೂರಬೇಕು. ಹಿಂದಿನ ಮನೆ ಹುಡುಗ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ಒಂದೊಂದು ಹೆಜ್ಜೆಯನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಇದಕ್ಕೆ ಚೇರ್ ಫ್ಲೈಯಿಂಗ್ ಅಂತಾರೆ.

ಇಲ್ಲೂ ಎಲ್ಲ ಚೆನ್ನಾಗಿದೆ ಅಂತಲ್ಲ. ಡಾಕ್ಟರ್ ಹತ್ತಿರ ಹೋದರೆ ಹಾರಾಟ ನಿಲ್ಲಿಸಿಬಿಟ್ಟಾರು ಅಂತ ನೋವು ನುಂಗುವವರು ಇಲ್ಲೂ ಇದ್ದಾರೆ. ನಮ್ಮಲ್ಲೂ ಹಿರಿಯ ಅಧಿಕಾರಿಗಳು ಮಾಡುವ ಪರೀಕ್ಷೆ ಇದೆ. ಬೋಧಕರನ್ನು ತಯಾರು ಮಾಡಲೆಂದೇ ತಾಂಬರಂನಲ್ಲಿ ಶಾಲೆ ಇದೆ. ನನಗೆ ಕೊರತೆ ಕಾಣುವುದು ನಮ್ಮ ಮನೆಗಳಲ್ಲಿ. ಮಗ ಸೋತ ಅನ್ನೋದು ನಮಗೆ ಊರಿನ ಸುದ್ದಿ. ಆ ಹೆದರಿಕೆ ಹೊತ್ತುಕೊಂಡು ಹೋದವನು ಇನ್‌ಸ್ಟ್ರಕ್ಟರ್ ಮುಂದೆ ಬಾಯಿ ಬಿಡುತ್ತಾನಾ?

ಈಗ ಹುಬ್ಬಳ್ಳಿಯ ಗೆಳೆಯನ ಮಗಳು ತರಬೇತಿಯಲ್ಲಿದ್ದಾಳೆ. ಹೋದ ವಾರ ಫೋನ್ ಮಾಡಿದಾಗ, “ಈ ವಾರ ಯಾವುದು ಕಷ್ಟ ಆಯ್ತಮ್ಮಾ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಇಳಿಯುವಾಗ ನೆಲ ಎಷ್ಟು ಹತ್ತಿರ ಬಂತು ಅಂತ ಕಣ್ಣಿಗೆ ಗೊತ್ತಾಗ್ತಿಲ್ಲ ಅಂಕಲ್” ಅಂದಳು. ಇನ್‌ಸ್ಟ್ರಕ್ಟರ್‌ಗೆ ಹೇಳಿದ್ಯಾ ಅಂತ ಕೇಳಿದೆ. ನಾಳೆ ಬ್ರೀಫಿಂಗ್‌ನಲ್ಲಿ ಹೇಳ್ತೀನಿ ಅಂದಳು.