ಬಂದಿಲ್ಲಮ್ಮಾ, ಬಂದಿಲ್ಲ

ನಿನ್ನೆ ಮಧ್ಯಾಹ್ನ ಮೂರೂವರೆಯಿಂದ ಸಂಜೆ ಏಳರ ತನಕ ನನ್ನ ಕಿವಿಗೆ ಬಿದ್ದಿದ್ದು ಒಂದೇ ಮಾತು. "ಬಂದಿಲ್ಲ." ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವ್ರು ಪಾಪ ಸಹಜವಾಗಿ "ಗ್ಯಾಸ್ ಸಿಲಿಂಡರ್ ಬಂತಾ?" ಅಂದ್ರು. ಬಂದಿಲ್ಲ ಅಂತ ಹೇಳೋಕೆ ಬಾಯೇ ಬರ್ಲಿಲ್ಲ, ಎದ್ದು ಹೋಗಿ ಕೈ ತೊಳ್ಕೊಂಡೆ.

ನಾನು ಆನ್‌ಲೈನಲ್ಲಿ ಸೀರೆ ಮಾರೋ ಒಂದು ಕಂಪನಿಲಿ ಇಮೇಲ್ ಕಳಿಸೋ ಕೆಲಸ ಮಾಡ್ತೀನಿ. ಹೌದು, "ಇನ್ನು 4 ಗಂಟೆ ಮಾತ್ರ!" ಅಂತ ನಿಮ್ಮ ಇನ್‌ಬಾಕ್ಸಲ್ಲಿ ಬಾಯಿ ಬಡ್ಕೊಳ್ಳೋದು ನನ್ನಂಥವ್ರೇ, ಬೈಕೋಬೇಡಿ, ನಮಗೂ ಇಎಂಐ ಇದೆ. ಮುಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಅದಕ್ಕೆ ಆಫರ್ ಮೇಲ್ ಹೋಗ್ಬೇಕು, ಅದಕ್ಕೆ ಮುಂಚೆ ಟೆಸ್ಟ್ ಮೇಲ್ ಹೋಗ್ಬೇಕು, ಅದನ್ನ ನಮ್ ಮ್ಯಾನೇಜರ್ ಸಾರ್ ನೋಡಿ ಓಕೆ ಅನ್ಬೇಕು. ಅವ್ರು ನೋಡ್ಬೇಕಾದ್ರೆ ಅದು ಅವರಿಗೆ ಬರ್ಬೇಕು. ಕಥೆ ಇಷ್ಟೇ.

ಸಾರ್ "ಬಂದಿಲ್ಲ" ಅನ್ನೋಕೂ ಒಂದು ವಿಧಾನ ಇದೆ. ಮೊದ್ಲು ಹೆಬ್ಬೆರಳಲ್ಲಿ ಫೋನ್ ಸ್ಕ್ರೀನನ್ನ ಬಾವಿ ಹಗ್ಗ ಜಗ್ಗಿದ ಹಾಗೆ ಕೆಳಗೆ ಎಳೀತಾರೆ. ಮೇಲೆ ಆ ಸಣ್ಣ ಚಕ್ರ ತಿರುಗಿ ನಿಲ್ಲೋ ತನಕ ಉಸಿರು ಬಿಡಲ್ಲ. ಆಮೇಲೆ ಕನ್ನಡಕ ಹಣೆ ಮೇಲೆ ಏರಿಸಿ, ನನ್ನ ಕಡೆ ತಿರುಗಿ, "ಬಂದಿಲ್ಲಮ್ಮಾ" ಅಂತಾರೆ. ಆ "ಮ್ಮಾ" ಇದ್ಯಲ್ಲ, ಪಿಯುಸಿ ಫೇಲಾದ ಮಗಳಿಗೆ ಅಪ್ಪ ಬೈಯ್ಯದೆ ಬರೀ ನೋಡ್ತಾರಲ್ಲ, ಆ ಥರದ್ದು. ಕೂತಲ್ಲೇ ಹತ್ತು ಸಲ ಎಳೆದಾದ್ಮೇಲೆ ಎದ್ದು ಕಿಟಕಿ ಹತ್ರ ಹೋಗಿ ಫೋನನ್ನ ತಲೆ ಮೇಲೆ ಎತ್ತಿ ಹಿಡೀತಾರೆ. "ಸಾರ್, ವೈಫೈ ಫುಲ್ ಇದೆ" ಅಂದೆ. "ಇರ್ಲಿ, ಈ ಕಡೆ ಸ್ವಲ್ಪ ಚೆನ್ನಾಗಿ ಬರತ್ತೆ" ಅಂದ್ರು. ಹಿಂದೆ ದೂರದರ್ಶನಕ್ಕೆ ಮಹಡಿ ಹತ್ತಿ ಆಂಟೆನಾ ತಿರುಗಿಸ್ತಿದ್ದವ್ರ ಕೈ, ಅಷ್ಟು ಬೇಗ ಬುದ್ಧಿ ಬಿಡಲ್ಲ. ಕೊನೆಗೆ ಆರಡಿ ದೂರದ ಅವ್ರ ಸೀಟಿಗೆ ಹೋಗಿ ಕೂತು ಅಲ್ಲಿಂದ ವಾಟ್ಸಾಪ್ ಮಾಡಿದ್ರು: "ನಾಟ್ ರಿಸೀವ್ಡ್." ಅದು ಮಾತ್ರ ತಕ್ಷಣ ಬಂತು.

ಅವ್ರ ಆಫೀಸ್ ಐಡಿಗೂ ಕಳಿಸ್ತಿದ್ದೆ, ಜಿಮೇಲ್‌ಗೂ ಕಳಿಸ್ತಿದ್ದೆ. ಆಫೀಸ್ ಐಡಿ ಎದುರಿಗೆ ನಮ್ಮ ಮೇಲ್ ಕಳಿಸೋ ಟೂಲ್ ಹಸಿರು ಬಣ್ಣದಲ್ಲಿ "ಡೆಲಿವರ್ಡ್" ಅಂತ ತೋರಿಸ್ತಿತ್ತು. ಈ ಡೆಲಿವರ್ಡ್ ಅನ್ನೋ ಪದದಷ್ಟು ಸುಳ್ಳು ಪದ ನನ್ನ ಕಸುಬಲ್ಲಿ ಇನ್ನೊಂದಿಲ್ಲ. ಆ ಕಡೆಯ ಸರ್ವರ್ ಇಸ್ಕೊಂಡಿದೆ ಅಂತ ಅಷ್ಟೇ ಅರ್ಥ. ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿಯವ್ನು ಪಾರ್ಸೆಲ್ ಇಸ್ಕೊಂಡ್ರೂ ಡೆಲಿವರ್ಡೇ, ಅವ್ನು ಅದನ್ನ ಕುರ್ಚಿ ಕೆಳಗೆ ತಳ್ಳಿ ಮರ್ತುಬಿಟ್ರೂ ಡೆಲಿವರ್ಡೇ.

"ಸಾರ್, ಜಿಮೇಲಲ್ಲಿ ಸ್ಪ್ಯಾಮ್ ನೋಡಿದ್ರಾ?"

"ನೋಡ್ದೆ. ಯಾರೋ ನನಗೆ ಲಾಟರಿ ಹೊಡ್ದಿದೆ ಅಂತಿದಾರೆ."

"ಪ್ರಮೋಷನ್ಸ್ ನೋಡಿದ್ರಾ?"

"ಅದೆಲ್ಲ ಏಪ್ರಿಲ್‌ನಲ್ಲೇ ಆಯ್ತಲ್ಲಮ್ಮಾ."

ನಾನು ಕೇಳಿದ್ದು ಅಂಗಡಿಯವ್ರ ಮೇಲನ್ನೆಲ್ಲ ಬೇರೆ ಇಡೋ ಪ್ರಮೋಷನ್ಸ್ ಟ್ಯಾಬ್ ಬಗ್ಗೆ. ಜಿಮೇಲ್ ಅದನ್ನ ತಂದಿದ್ದು 2013ರಲ್ಲಿ. ಇಷ್ಟು ವರ್ಷ ಆದ್ರೂ ಸಾರ್ ಆ ಕಡೆ ಕಾಲಿಟ್ಟಿಲ್ಲ ಅಂತ ನನಗೆ ನಿನ್ನೆ ಗೊತ್ತಾಯ್ತು. ಎದ್ದು ಹೋಗಿ ನಾನೇ ಅವ್ರ ಫೋನಲ್ಲಿ ತೆಗೆದು ನೋಡಿದೆ, ಜಗತ್ತಿನ ಸಕಲ ಅಂಗಡಿಯವ್ರೂ ಅಲ್ಲಿದ್ರು, ನಾವು ಮಾತ್ರ ಇರ್ಲಿಲ್ಲ.

ಈ ಗಲಾಟೆ ಮಧ್ಯೆ ಐದು ಗಂಟೆಗೆ ಅರಸೀಕೆರೆಯಿಂದ ಅಮ್ಮನ ಫೋನು. "ಏನೇ ಇದು, ಮಧ್ಯಾಹ್ನದಿಂದ ಒಂದೇ ಸೀರೆ ಹನ್ನೊಂದ್ಸಲ ಕಳಿಸಿದ್ದೀಯ?"

ಅಮ್ಮನ ಐಡಿ ನನ್ನ ಟೆಸ್ಟ್ ಲಿಸ್ಟಲ್ಲಿದೆ. ಹೊಸ ಫೋನ್ ಕೊಡಿಸಿದಾಗ ಜಿಮೇಲ್ ಮಾಡ್ಕೊಟ್ಟಿದ್ದೆ, ಹೇಗೂ ಬೇರೆ ಯಾರೂ ಬರೆಯಲ್ಲ ಅಂತ ಸೇರಿಸ್ಬಿಟ್ಟಿದ್ದೆ. ಅಮ್ಮನಿಗೆ ಎಲ್ಲಾ ಬರತ್ತೆ! ಸ್ಪ್ಯಾಮಿಗೂ ಹೋಗಲ್ಲ, ಎಲ್ಲೂ ಹೋಗಲ್ಲ. ಯಾಕಂದ್ರೆ ಬಂದಿದ್ದನ್ನೆಲ್ಲ ತೆಗೆದು ತಲೆಯಿಂದ ಕಾಲಿನ ತನಕ ಓದ್ತಾರೆ, ಜಿಮೇಲ್‌ಗೂ ಗೊತ್ತು ಇವ್ರಿಗೆ ಇದು ಬೇಕು ಅಂತ. "'ಪ್ರಿಯ ಫಸ್ಟ್ ನೇಮ್' ಅಂತ ಹಾಕಿದ್ದೀಯಲ್ಲ, ಯಾರದು?" ಅಂದ್ರು. ಹೆಸರು ಬರೋ ಕಡೆ ಕೋಡ್ ಕೆಟ್ಟಿತ್ತು, ನಾನು ನೋಡಿರ್ಲಿಲ್ಲ. ಹೋದ ವರ್ಷ ಇಳಕಲ್ ಅಂತ ಬರೆದು ಮೊಳಕಾಲ್ಮೂರು ಸೀರೆ ಫೋಟೋ ಹಾಕಿದ್ದನ್ನ ಹಿಡಿದವ್ರೂ ಅವ್ರೇ. ಆಗೊಮ್ಮೆ ನನಗೇ ನಾಚಿಕೆಯಾಗಿ ಅವ್ರ ಐಡಿ ಲಿಸ್ಟಿಂದ ತೆಗೆದಿದ್ದೆ. ನಾಲ್ಕು ದಿನಕ್ಕೆ ಫೋನ್ ಮಾಡಿದ್ರು, "ನಿನ್ನ ಆಫೀಸಿಂದ ಏನೂ ಬರ್ತಿಲ್ಲ, ಕೆಲಸ ಬಿಟ್ಯೇನೇ? ನಮಗೆ ಹೇಳೋಕೆ ಹಿಂಜರೀಬೇಡ." ನಾನು ವಾರಕ್ಕೊಂದು ಸಲ ಫೋನ್ ಮಾಡಿದ್ರೆ ಹೆಚ್ಚು. ಅವತ್ತೇ ಮತ್ತೆ ಸೇರಿಸ್ದೆ, ಅದರ ಬಗ್ಗೆ ಇನ್ನೇನೂ ಬರೆಯಲ್ಲ.

ಆರು ಗಂಟೆಗೆ ಐಟಿ ಹುಡುಗ ಆಫೀಸ್ ಐಡಿಯ ರಹಸ್ಯ ಕಂಡುಹಿಡ್ದ. ಮೇಲ್ ಹೋಗೋದು ಹೊರಗಿನ ಟೂಲಿಂದ, ಆದ್ರೆ ಅದರ ಮೇಲಿರೋ ಹೆಸರು ನಮ್ಮದೇ ಕಂಪನಿದು. ನಮ್ಮನೆಯವ್ರು ಅಂತ ಹೇಳ್ಕೊಂಡು ಹೊರಗಿಂದ ಬಂದವ್ನನ್ನ ನಮ್ಮನೆ ನಾಯಿನೇ ಹಿಡ್ಕೊಂಡಿತ್ತು. ಎಸ್‌ಪಿಎಫ್, ಡಿಕಿಮ್ ಅಂತ, ಈ ಮೇಲ್ ನಿಜವಾಗ್ಲೂ ನಮ್ಮದೇ ಅಂತ ತೋರಿಸೋ ಗುರುತಿನ ಚೀಟಿಗಳಿವೆ, ಹೋದ ವಾರ ಡೊಮೈನ್, ಅಂದ್ರೆ ಕಂಪನಿಯ ವೆಬ್ ವಿಳಾಸ, ಬೇರೆ ಕಡೆಗೆ ಬದಲಾಯಿಸುವಾಗ ಯಾರೋ ಅದನ್ನ ಹಾಕೋದು ಮರ್ತಿದ್ರು. ಹನ್ನೊಂದು ಟೆಸ್ಟ್ ಮೇಲೂ ಕ್ವಾರಂಟೈನಲ್ಲಿ ಸಾಲಾಗಿ ಕೂತಿದ್ವು. "ಈಗ ಹಾಕಿದೀನಿ ಮೇಡಂ, ಎಲ್ಲಾ ಕಡೆ ಅಪ್‌ಡೇಟ್ ಆಗೋಕೆ 48 ಗಂಟೆ ಬೇಕಾಗ್ಬೋದು" ಅಂದ. ಇವ್ರು ಯಾವ ಪ್ರಶ್ನೆಗೂ 48 ಗಂಟೆಗಿಂತ ಕಮ್ಮಿ ಹೇಳಿದ್ದು ನಾನು ಕಾಣೆ.

ಸರಿ, ಜಿಮೇಲ್ ಕಥೆ ಏನು? ಟೂಲಲ್ಲಿ ಇನ್ನೂ ಕೆಳಗೆ ಹೋದೆ. ಇರುವೆ ಕಾಲಿನಷ್ಟು ಸಣ್ಣ ಬೂದು ಅಕ್ಷರದಲ್ಲಿ ಬರೆದಿತ್ತು: ಈ ವಿಳಾಸಕ್ಕೆ ಕಳಿಸಿಲ್ಲ, ಅನ್‌ಸಬ್‌ಸ್ಕ್ರೈಬ್ಡ್. ತಾರೀಕು ನೋಡಿದೆ. ಹೋದ ತಿಂಗಳು, ಆಷಾಢ ಸೇಲ್ ಟೆಸ್ಟ್ ಮಾಡಿದ ದಿನ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಸಾರ್ ಬಹಳ ಖುಷಿಯಾಗಿ ಬಂದು "ಎಲ್ಲಾ ಲಿಂಕ್ ಒಂದೊಂದಾಗಿ ಒತ್ತಿ ನೋಡ್ದೆ ಕಣಮ್ಮಾ, ಪ್ರತಿಯೊಂದೂ ಕೆಲಸ ಮಾಡ್ತಿದೆ" ಅಂದಿದ್ರು. ಪ್ರತಿಯೊಂದೂ. ಜಿಮೇಲ್‌ಗೆ ದಿನಕ್ಕೆ 5,000ದ ಮೇಲೆ ಮೇಲ್ ಕಳಿಸೋ ನಮ್ಮಂಥವ್ರು ಒಂದೇ ಕ್ಲಿಕ್ಕಿಗೆ ಅನ್‌ಸಬ್‌ಸ್ಕ್ರೈಬ್ ಆಗೋ ಹಾಗೆ ಇಡ್ಬೇಕು ಅಂತ 2024ರಲ್ಲಿ ನಿಯಮ ಬಂತು, ಅದನ್ನ ಕೂರಿಸೋಕೆ ನಾನೇ ಎರಡು ವಾರ ಒದ್ದಾಡಿದ್ದೆ. ಎಷ್ಟು ಚೆನ್ನಾಗಿ ಕೂರಿಸಿದ್ದೆ ಅಂದ್ರೆ ಸಾರ್ ಒಂದೇ ಒತ್ತಿಗೆ ಆಚೆ ಹೋಗಿದ್ರು.

"ಸಾರ್, ನೀವೇ ಬೇಡ ಅಂದಿದ್ದೀರ" ಅಂದೆ. "ನಾನ್ಯಾಕಮ್ಮಾ ಬೇಡ ಅನ್ಲಿ, ನಾನು ಟೆಸ್ಟ್ ಮಾಡ್ದೆ" ಅಂದ್ರು. ಟೆಸ್ಟಿಗೆ ಒತ್ತಿದ್ದಾ ಸಿಟ್ಟಿಗೆ ಒತ್ತಿದ್ದಾ ಅಂತ ಟೂಲಿಗೆ ಹೇಗೆ ಗೊತ್ತಾಗ್ಬೇಕು? ಒಂದ್ಸಲ ಹೋದವ್ರನ್ನ ನಾನು ಎಳ್ಕೊಂಡು ಬರೋ ಹಾಗೂ ಇಲ್ಲ, ಅವರೇ ವೆಬ್‌ಸೈಟಿಗೆ ಹೋಗಿ, ಫಾರ್ಮ್ ತುಂಬಿ, ಇಮೇಲ್‌ಗೆ ಬರೋ ಲಿಂಕ್ ಒತ್ತಿ ಖಚಿತ ಮಾಡ್ಬೇಕು.

ಫಾರ್ಮ್ ತುಂಬಿದ್ರು. ನಾನು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನಿಂತಿದ್ದೆ, ಆಫೀಸಲ್ಲಿ ಅರ್ಧ ಲೈಟ್ ಆರಿಸಿದ್ರು. ಸಾರ್ ಸ್ಕ್ರೀನನ್ನ ಕೆಳಗೆ ಎಳೆದ್ರು. ಚಕ್ರ ತಿರುಗಿ ನಿಂತ್ಕೊಳ್ತು. ಕನ್ನಡಕ ಹಣೆಗೆ ಏರ್ತು.

"ಪ್ರಮೋಷನ್ಸ್ ನೋಡಿ ಸಾರ್" ಅಂತ ಹೇಳ್ತಾನೇ ನಾನು ಲಿಫ್ಟ್ ಕಡೆ ಓಡಿದೆ.