‘ಕ್ಷುಲ್ಲಕ ಕಾರಣ’ ಎಂಬ ಮಾತು

ಪುಣೆಯ ಹೊರವಲಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ನನಗೆ ಹತ್ತೊಂಬತ್ತು ವರ್ಷವಾಯಿತು. ಚಿಂತಾಮಣಿ ತಾಲ್ಲೂಕಿನ ನನ್ನ ಊರಿನಿಂದ ಮೊದಲೆಲ್ಲ ಮಳೆ, ಮದುವೆ, ಟೊಮೆಟೊ ಬೆಲೆಯ ಸುದ್ದಿ ಬರುತ್ತಿತ್ತು; ಈಗೀಗ ಅವುಗಳ ಜೊತೆಗೇ, ಅಷ್ಟೇ ಸಲೀಸಾಗಿ, ಹೊಡೆದಾಟದ ಸುದ್ದಿಯೂ ಬರುತ್ತದೆ. ಹುಡುಗರು ಕುಡಿತಕ್ಕೆ ಬಿದ್ದರು, ಮೊಬೈಲು ಎಲ್ಲರನ್ನೂ ಕೆಡಿಸಿತು ಎಂದು ಊರಿನ ಹಿರಿಯರು ಹೇಳುತ್ತಾರೆ. ಕುಡಿದವನ ಕೈ ಬೇಗ ಏಳುತ್ತದೆ ಎಂಬುದು ನಿಜವೇ. ಆದರೆ ಅದು ಯಾರ ಮೇಲೆ ಏಳಬೇಕು ಎಂಬುದು ಕುಡಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ನಿಶ್ಚಯವಾಗಿರುತ್ತದೆ.

ನಮ್ಮ ಮನೆತನದಲ್ಲೇ ನಡೆದದ್ದನ್ನು ಹೇಳುತ್ತೇನೆ. ದೊಡ್ಡಪ್ಪನ ಮಕ್ಕಳಿಬ್ಬರ ಹೊಲಗಳ ನಡುವೆ ಹೊಂಗೆಮರವಿರುವ ಒಂದು ಬದು ಇದೆ. ಪಾಲು ಬಾಯಿಮಾತಿನಲ್ಲಿ ಆಗಿತ್ತೇ ಹೊರತು ಪೋಡಿ, ಎಂದರೆ ಅಳತೆ ಮಾಡಿ ದಾಖಲೆಯಲ್ಲಿ ಬೇರೆಬೇರೆ ಮಾಡುವುದು, ಆಗಿರಲಿಲ್ಲ. ಪಹಣಿಯಲ್ಲಿ ಇಬ್ಬರ ಹೆಸರೂ ಜಂಟಿಯಾಗಿಯೇ ಉಳಿದಿತ್ತು. ಒಂದು ನೇಗಿಲ ಸಾಲು ಆಚೀಚೆಯಾದರೆ ಬೈದಾಡಿ, ಸಂಜೆಗೆ ಸುಮ್ಮನಾಗುತ್ತಿದ್ದರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಜಮೀನು ಕೊಳ್ಳುವವರ ಕಾರುಗಳು ನಮ್ಮ ಕಡೆಗೂ ಬಂದು, ರಾಗಿ ಬೆಳೆಯುವ ಹೊಲವನ್ನು ಅಡಿ ಲೆಕ್ಕದಲ್ಲಿ ಕೇಳತೊಡಗಿದಾಗ ಅದೇ ಸಾಲು ಲಕ್ಷಗಳ ಮಾತಾಯಿತು. ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಕೊಟ್ಟರು, ಅಳತೆ ಎರಡು ಸಲ ಮುಂದೆ ಹೋಯಿತು. ದಾವೆ ಹೂಡಿದರು, ಐದು ವರ್ಷ ವಾಯಿದೆಯ ಮೇಲೆ ವಾಯಿದೆ ಬಿತ್ತು. ಆರನೆಯ ವರ್ಷ ತಮ್ಮ ಮಚ್ಚು ಬೀಸಿದ, ಅಣ್ಣನ ತೋಳಿಗೆ ಏಟು ಬಿತ್ತು. ಮರುದಿನ ಪತ್ರಿಕೆಯಲ್ಲಿ ‘ಕ್ಷುಲ್ಲಕ ಕಾರಣಕ್ಕೆ ಸಹೋದರನ ಮೇಲೆ ಹಲ್ಲೆ’ ಎಂಬ ನಾಲ್ಕು ಸಾಲು ಬಂತು. ಆ ಎರಡು ಪದಗಳನ್ನು ಓದಿದಾಗ ಆದ ಸಂಕಟ ಇಂದಿಗೂ ನನ್ನಲ್ಲಿದೆ. ಆರು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳದ ತಕರಾರು ಕ್ಷುಲ್ಲಕವಾಗುವುದು ಹೇಗೆ?

ನಾನು ಬಾಡಿಗೆಗಿರುವ ಹಳ್ಳಿಯಲ್ಲಿ ಬೇರೊಂದು ರೀತಿಯನ್ನು ಕಂಡೆ. ಮಹಾರಾಷ್ಟ್ರ ಸರ್ಕಾರ 2007ರಲ್ಲಿ ಮಹಾತ್ಮ ಗಾಂಧಿ ತಂಟಾಮುಕ್ತ ಗಾಂವ್ ಎಂಬ ಯೋಜನೆಯನ್ನು ಆರಂಭಿಸಿತು. ಅವರ ‘ತಂಟಾ’ ನಮ್ಮ ‘ತಂಟೆ’ಯೇ. ಗ್ರಾಮಸಭೆ ಆರಿಸಿದ ಸಮಿತಿಯು ಊರಿನಲ್ಲಿ ಬಾಕಿಯಿರುವ ತಂಟೆಗಳನ್ನು ಪಟ್ಟಿಮಾಡಿ, ರಾಜಿಗೆ ಒದಗುವಂಥವನ್ನು ಕುಳಿತು ಬಗೆಹರಿಸಬೇಕಿತ್ತು; ಚೆನ್ನಾಗಿ ಮಾಡಿದ ಊರಿಗೆ ಜನಸಂಖ್ಯೆಗೆ ತಕ್ಕಂತೆ ಬಹುಮಾನದ ಹಣ ಸಿಗುತ್ತಿತ್ತು. ಬಹುಮಾನಕ್ಕಿಂತ ಆ ಪಟ್ಟಿಯೇ ನನಗೆ ದೊಡ್ಡದಾಗಿ ಕಂಡಿತು. ಕಬ್ಬಿನ ಗದ್ದೆಗೆ ನೀರು ಬಿಡುವ ಪಾಳಿಯ ಬಗ್ಗೆ ಜಗಳವಾಡುತ್ತಿದ್ದ ಎರಡು ಮನೆಯವರು, ಹಳ್ಳಿಗೆ ಸರ್ಕಾರ ನೇಮಿಸಿದ ಪೊಲೀಸ್ ಪಾಟೀಲರ ಎದುರು ಒಂದೇ ಚಾಪೆಯ ಮೇಲೆ ಕುಳಿತು ಮಾತನಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ದಿನ ತೀರ್ಮಾನವೇನೂ ಆಗಲಿಲ್ಲ. ಆದರೂ ತಮ್ಮ ಅಳಲು ಒಂದು ಪುಸ್ತಕದಲ್ಲಿ ಬರಹವಾಗಿ ನಿಂತಿದೆ ಎಂಬುದರಿಂದಲೇ ಇಬ್ಬರ ಧ್ವನಿಯೂ ಇಳಿದಿತ್ತು.

ಹಾಗೆಂದು ಅಲ್ಲಿಯದೆಲ್ಲ ಒಳ್ಳೆಯದು, ನಮ್ಮದು ಕೆಟ್ಟದ್ದು ಎಂದು ಹೇಳಲಾರೆ. 2006ರ ಸೆಪ್ಟೆಂಬರ್ 29ರಂದು ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ದಲಿತ ಕುಟುಂಬದ ನಾಲ್ವರನ್ನು ಕೊಂದದ್ದು ಅದೇ ಮಹಾರಾಷ್ಟ್ರದ ಹಳ್ಳಿಯ ಜನ. ನಮ್ಮ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತವಾಗಿ ಸುಟ್ಟರು; ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಿದವನು ಮರುದಿನವೂ ಅದೇ ಊರಿನಲ್ಲಿ ಬದುಕಬೇಕು, ಅದೇ ಜನರ ಹೊಲದಲ್ಲಿ ಕೂಲಿ ಮಾಡಬೇಕು ಎಂಬುದನ್ನು ಬಲ್ಲವರಿಗೆ ಸಾಕ್ಷಿ ಏಕೆ ತಿರುಗುತ್ತದೆ ಎಂದು ವಿವರಿಸಬೇಕಾಗಿಲ್ಲ.

ಆದ್ದರಿಂದ ಹಿಂದಿನ ಕಾಲದ ಅರಳಿಕಟ್ಟೆಯ ನ್ಯಾಯವನ್ನೇ ಮರಳಿ ತನ್ನಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಬಾಲಕನೊಬ್ಬ ದೇವರ ಕೋಲನ್ನು ಮುಟ್ಟಿದನೆಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದೂ ಊರಿನ ಹಿರಿಯರ ನ್ಯಾಯವೇ. ಸಮಬಲರ ನಡುವೆ ರಾಜಿ ಸಮಾಧಾನ ತರುತ್ತದೆ; ಉಳ್ಳವನಿಗೂ ಕೂಲಿಯವನಿಗೂ ನಡುವೆ ಅದು ಬಾಯಿ ಮುಚ್ಚಿಸುವ ಕೆಲಸವಾಗಿಬಿಡುತ್ತದೆ, ಮುಚ್ಚಿದ ಬಾಯಿಯನ್ನು ಜನ ಶಾಂತಿ ಎಂದು ತಿಳಿಯುತ್ತಾರೆ. ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರುವ ಕಾಯ್ದೆಯನ್ನು ಮಹಾರಾಷ್ಟ್ರ 2016ರಲ್ಲಿ ಮಾಡಿದ್ದರಲ್ಲಿ ಈ ಅರಿವು ಇದೆ ಎಂದು ನಾನು ಭಾವಿಸುತ್ತೇನೆ. ದಾಯಾದಿಗಳ ಬದುವಿಗೆ ಚಾಪೆ ಹಾಸಬಹುದು, ಜಾತಿಯ ದೌರ್ಜನ್ಯಕ್ಕೆ ಪೊಲೀಸ್ ಠಾಣೆ ಮತ್ತು ನ್ಯಾಯಾಲಯದ ಬಾಗಿಲೇ ತೆರೆದಿರಬೇಕು.

ನಮ್ಮ ರಾಜ್ಯದಲ್ಲೂ ಪೋಡಿಮುಕ್ತ ಗ್ರಾಮದ ಯೋಜನೆ ಇದೆ. ಅದನ್ನು ಕಂದಾಯ ಇಲಾಖೆಯ ಕಡತದ ಕೆಲಸವೆಂದು ನೋಡುವ ಬದಲು, ರಕ್ತಪಾತವನ್ನು ತಡೆಯುವ ಕೆಲಸವೆಂದು ನೋಡಿ, ಚಿಕ್ಕಬಳ್ಳಾಪುರ ಮತ್ತು ಕೋಲಾರದಂತೆ ಜಮೀನಿನ ಬೆಲೆ ಒಮ್ಮೆಲೇ ಏರಿದ ಜಿಲ್ಲೆಗಳ ಹಳ್ಳಿಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕು. ಯಾವ ಅರ್ಜಿ ಎಷ್ಟು ದಿನದಿಂದ ಬಾಕಿ ಇದೆ ಎಂಬ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ಕಳೆದ ಯುಗಾದಿಗೆ ಊರಿಗೆ ಹೋದಾಗ ಅಣ್ಣನ ತೋಳು ವಾಸಿಯಾಗಿತ್ತು, ಆದರೆ ನೀರೆತ್ತುವಷ್ಟು ಬಲ ಬಂದಿರಲಿಲ್ಲ. ತಮ್ಮ ಜಾಮೀನಿನ ಮೇಲೆ ಹೊರಬಂದು ಪಕ್ಕದ ಊರಿನ ಹೆಂಡತಿಯ ಮನೆಯಲ್ಲಿದ್ದ. ಇಬ್ಬರ ಹೊಲವೂ ಬೀಳು ಬಿದ್ದಿತ್ತು, ಬದುವಿನ ಮೇಲೆ ಬಾಂದುಕಲ್ಲು ಇನ್ನೂ ಬಂದಿರಲಿಲ್ಲ.